ಹುಂಡಿಯೂ ಗುಪ್ತಸಂಖ್ಯೆಯೂ

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಮಲಪನಗುಡಿ ಎಂಬ ಊರುಂಟು. ಅಲ್ಲಿಂದ ದಿನವೂ ಪೇಟೆಗೆ ಹೋಗಿ, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಕಸ ಗುಡಿಸಿ ಬರುವ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಹಿಂದೆ ಸಂಬಳವನ್ನು ಆಕೆ ಸೆರಗಿನಲ್ಲಿ ಗಂಟುಕಟ್ಟಿ ತರುತ್ತಿದ್ದಳು. ಈಗ ಅದು ಫೋನಿನ ಮೂಲಕ ಬ್ಯಾಂಕಿನ ಖಾತೆಗೆ ಸೇರುತ್ತದೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಹಣವೂ ಖಾತೆಗೇ ಬರುತ್ತದೆ. ಹಣವು ಕಣ್ಣಿಗೆ ಕಾಣದಂತಾದ ಮೇಲೆ ಅದನ್ನು ಕಾಯುವ ಬಗೆಯೂ ಬೇರೆಯಾಗಬೇಕಷ್ಟೆ.

2016ರಲ್ಲಿ ಬಳಕೆಗೆ ಬಂದ ಯುಪಿಐ ಏರ್ಪಾಡು ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡೋಣ. ಅಂಗಡಿಯಲ್ಲಿ ಅಂಟಿಸಿರುವ ಕ್ಯೂಆರ್ ಚೌಕದಲ್ಲಿ ಹಣವಿಲ್ಲ. ಹಣ ಸೇರಬೇಕಾದ ವಿಳಾಸ ಮಾತ್ರ ಇರುತ್ತದೆ. ಕೊಡುವವರ ಫೋನು ಅದನ್ನು ಓದಿ, ಅವರ ಗುಪ್ತಸಂಖ್ಯೆಯನ್ನು, ಎಂದರೆ ಪಿನ್ನನ್ನು, ಕೇಳುತ್ತದೆ. ಸಂಖ್ಯೆ ಸರಿಯಾಗಿದ್ದರೆ ಅವರ ಖಾತೆಯಲ್ಲಿ ಹಣ ಕಳೆಯುತ್ತದೆ, ಪಡೆಯುವವರ ಖಾತೆಯಲ್ಲಿ ಕೂಡುತ್ತದೆ.

ದೇವಸ್ಥಾನದ ಹುಂಡಿಯನ್ನು ನೆನೆಯಿರಿ. ಕಾಸು ಹಾಕಲು ಬೀಗದ ಕೈ ಬೇಕೆ? ಬೇಡ. ಒಳಗೆ ಎಷ್ಟಿದೆಯೆಂದು ನೋಡಲು, ಇಲ್ಲವೆ ಹೊರತೆಗೆಯಲು ಮಾತ್ರ ಬೇಕು. ಗುಪ್ತಸಂಖ್ಯೆಯೂ ಅಂಥ ಬೀಗದ ಕೈಯೇ. ಆದುದರಿಂದ “ನಿಮಗೆ ಹಣ ಬಂದಿದೆ, ಪಡೆಯಲು ಪಿನ್ ಒತ್ತಿರಿ” ಎನ್ನುವವನು ಹಾಕಲು ಬಂದವನಲ್ಲ, ತೆಗೆಯಲು ಬಂದವನು. ಹಾಗೆ ಮೋಸಹೋದವರು ತಡಮಾಡದೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಇದನ್ನು ಕಲಿಸಲು ಒಂದು ಸುಲಭವಾದ ಪ್ರಯೋಗವುಂಟು. ಇಬ್ಬರು ಹೆಂಗಸರು ಎದುರುಬದುರು ಕುಳಿತು, ಒಬ್ಬಳು ಇನ್ನೊಬ್ಬಳಿಗೆ 1 ರೂಪಾಯಿ ಕಳುಹಿಸಲಿ. ಯಾರ ಫೋನು ಪಿನ್ ಕೇಳಿತು? ಕಳುಹಿಸಿದವಳದು. ಪಡೆದವಳ ಫೋನು ಏನನ್ನೂ ಕೇಳಲಿಲ್ಲ. ಆಮೇಲೆ ಆ ರೂಪಾಯಿಯನ್ನು ಹಿಂದಿರುಗಿಸಲಿ. ಮಗನೋ ಅಂಗಡಿಯವನೋ ಇಟ್ಟುಕೊಟ್ಟ ಪಿನ್ ಇದ್ದರೆ, ಪಾಠಕ್ಕೆ ಮೊದಲು ಆಕೆಯೇ ತನ್ನ ಕೈಯಿಂದ ಅದನ್ನು ಬದಲಿಸಬೇಕು. ಬೀಗದ ಕೈ ಪರರಲ್ಲಿದ್ದರೆ ಹುಂಡಿ ತನ್ನದೆನ್ನುವುದು ಹೇಗೆ?

ಈ ಪಾಠವನ್ನು ಹೇಳುವವರು ಯಾರು? ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಿಂದೆ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡುತ್ತಿದ್ದರು. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಮಲಪನಗುಡಿಗೆ ದೂರವಲ್ಲ. ಪ್ರಸಾರಾಂಗವೆಂಬ ವಿಭಾಗ ಅದಕ್ಕೂ ಇದೆ. ಅಲ್ಲಿನ ವಿದ್ಯಾರ್ಥಿಗಳು ಈ ತಾಯಂದಿರ ಕೆಲಸ ಮುಗಿಯುವ ಹೊತ್ತನ್ನು ಕೇಳಿ ತಿಳಿದು, ಆ ಹೊತ್ತಿಗೆ ಊರ ಕಟ್ಟೆಗೆ ಬಂದರೆ ಸಾಕು. ಪ್ರಯೋಗಶಾಲೆ ಅವರ ಕೈಯಲ್ಲೇ ಇದೆ.