ಪಿಕಪ್ ಖರೀದಿ: ಲೋಡ್ ಬಾಡಿಯ ಉದ್ದವೋ, ಭಾರದ ಮಿತಿಯೋ?

ಬಾಡಿಗೆ ವಾಹನವನ್ನು ಅವಲಂಬಿಸದೆ ಸ್ವಂತ ಪಿಕಪ್ ಹೊಂದಬಯಸುವ ನಮ್ಮ ಜಿಲ್ಲೆಯ ವರ್ತಕರು ಮೊದಲು ವಿಚಾರಿಸುವುದು ಬೆಲೆ ಮತ್ತು ಮಾಸಿಕ ಕಂತನ್ನು. ಅನಂತರ ಲೋಡ್ ಬಾಡಿ ಎಷ್ಟು ಅಡಿ ಎಂಬುದನ್ನು. ಆದರೆ ಆಯ್ಕೆಗೆ ಆಧಾರವಾಗಬೇಕಾದ ಪ್ರಶ್ನೆ ಬೇರೆಯೇ ಇದೆ. ತಾವು ಸಾಗಿಸುವ ಸರಕಿನಿಂದ ಮೊದಲು ತುಂಬುವುದು ವಾಹನದ ಜಾಗವೋ, ಅದರ ಭಾರದ ಮಿತಿಯೋ?

ಸಿಮೆಂಟಿನ ಉದಾಹರಣೆ ನೋಡೋಣ. 9 ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಯಲ್ಲಿ 50 ಕಿ.ಗ್ರಾಂನ 30 ಚೀಲಗಳನ್ನು ಹರಡಿದರೆ ಒಂದಡಿ ಎತ್ತರವೂ ಆಗದು. ತೂಕ ಮಾತ್ರ ಆಗಲೇ ಒಂದೂವರೆ ಟನ್. ಇಂತಹ ವ್ಯಾಪಾರಿಗೆ ಉದ್ದನೆಯ ಬಾಡಿಗಾಗಿ ತೆತ್ತ ಹೆಚ್ಚುವರಿ ಹಣ ನಿಷ್ಪ್ರಯೋಜಕ. ಹೊಸದುರ್ಗದ ತೆಂಗಿನ ನಾರು, ಹಿರಿಯೂರಿನ ಸೇವಂತಿಗೆ ಹೂವು ಇದಕ್ಕೆ ತದ್ವಿರುದ್ಧ. ಅಲ್ಲಿ ಬಾಡಿಯ ಪ್ರತಿ ಅಡಿಗೂ ಬೆಲೆಯುಂಟು. ಹೊಳಲ್ಕೆರೆಯ ಅಡಿಕೆ, ಚಿತ್ರದುರ್ಗದ ಈರುಳ್ಳಿ ಕಣ್ಣಿಗೆ ರಾಶಿಯಾಗಿ ಕಂಡರೂ ತೂಕದ ಪಕ್ಷಕ್ಕೇ ಸೇರುತ್ತವೆ. ಕಬ್ಬಿಣದ ಸರಳಂತೂ ಸಾಮಾನ್ಯವಾಗಿ 12 ಮೀಟರ್ ಉದ್ದ. ಅದಕ್ಕೆ ಪಿಕಪ್ ಕೊಳ್ಳುವ ಯೋಚನೆಯನ್ನೇ ಬಿಡುವುದು ಲೇಸು.

ಭಾರದ ಮಿತಿಯನ್ನು ಮಾರಾಟಗಾರರ ಕರಪತ್ರದಿಂದಲ್ಲ, ಆರ್.ಸಿ.ಯಿಂದ ಲೆಕ್ಕ ಹಾಕಬೇಕು. ಅದರಲ್ಲಿ ನಮೂದಾದ ಒಟ್ಟು ತೂಕ 2,990 ಕಿ.ಗ್ರಾಂ, ಖಾಲಿ ತೂಕ 1,690 ಎಂದಿಟ್ಟುಕೊಳ್ಳಿ. ಉಳಿಯುವುದು 1,300. ಖಾಲಿ ತೂಕದಲ್ಲಿ ಚಾಲಕ, ಸಹಾಯಕರ ತೂಕ ಸೇರಿರುವುದಿಲ್ಲ. ಅವರಿಗೆ 130, ನೋಂದಣಿಯ ನಂತರ ಕೂಡಿಸಿದ ಕಬ್ಬಿಣದ ಚೌಕಟ್ಟು, ಟಾರ್ಪಾಲಿಗೆ 70 ಕಳೆದರೆ 1,100. ಅಂದರೆ 26 ಚೀಲವೆಂದು ಭಾವಿಸಿದ್ದುದು 22ಕ್ಕೆ ಇಳಿಯಿತು. ಆ ನಾಲ್ಕು ಚೀಲಗಳೇ ಕಂತಿನ ಲೆಕ್ಕಾಚಾರವನ್ನು ತಲೆಕೆಳಗು ಮಾಡುವುದು.

ನಾಲ್ಕು ಚೀಲ ತಾನೇ ಎಂದು ಹೇರಿಕೊಂಡು ಹೆದ್ದಾರಿ 48ಕ್ಕೆ ಇಳಿಯುವವರಿದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಮಿತಿಮೀರಿದ ಭಾರಕ್ಕೆ 20,000 ರೂ., ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡ ವಿಧಿಸಿದೆ. ಹೆಚ್ಚಿನ ಸರಕನ್ನು ಇಳಿಸುವವರೆಗೆ ವಾಹನ ಮುಂದೆ ಸಾಗುವಂತಿಲ್ಲ. ಕೆಡುವ ಸರಕಾದರೆ ನಷ್ಟ ದಂಡಕ್ಕಿಂತಲೂ ದೊಡ್ಡದು.

ಹಾಗಾದರೆ ಒಂದು ಮೆಟ್ಟಿಲು ದೊಡ್ಡ ವಾಹನವನ್ನೇ ಕೊಳ್ಳಬಹುದಲ್ಲವೇ? ಕೊಳ್ಳಬಹುದು, ಆದರೆ ಒಟ್ಟು ತೂಕ 3,000 ಕಿ.ಗ್ರಾಂ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ, ಮೀರಿದರೆ ಬೇಕು. ದಿನಕ್ಕೆ ಒಂದು ಟ್ರಿಪ್ ಹೆಚ್ಚಿಸಿದರೆ ಸಾಲುವಂತಿದ್ದರೆ ಚಿಕ್ಕದೇ ಮೇಲು. ಹಿರಿಯೂರಿನಿಂದ ಬೆಂಗಳೂರಿಗೆ ನಿತ್ಯ ಹೋಗಿಬರುವವರಿಗೆ ಮಾತ್ರ ಎರಡನೆಯ ಟ್ರಿಪ್ಪಿನ ಮಾತೇ ಇಲ್ಲ. ಅವರು ದೊಡ್ಡದನ್ನು ಪರಿಗಣಿಸುವುದು ಯುಕ್ತ. ಎರಡು ಸಾಲು ಆಸನದ ಪಿಕಪ್ ಕುಟುಂಬಕ್ಕೂ ಆದೀತೆಂದು ಕೊಳ್ಳುವವರು, ಆಸನಕ್ಕೆ ಹೋದಷ್ಟು ಜಾಗ ಬಾಡಿಯಲ್ಲಿ ಕಡಿತವಾಗುವುದನ್ನು ಗಮನಿಸಬೇಕು.

ಇನ್ನು ತೆರಿಗೆ. ಸರಕು ವಾಹನಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೊಳಪಟ್ಟ ಅಡಿಕೆ, ಕೊಬ್ಬರಿಯ ವರ್ತಕರು ಇದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ವಿನಾಯಿತಿ ಪಡೆದ ಈರುಳ್ಳಿಯನ್ನಷ್ಟೇ ಮಾರುವವರಿಗೆ ಆ ಕ್ರೆಡಿಟ್ ದೊರೆಯದು. ಅವರಿಗೆ ತೆರಿಗೆಯೂ ವಾಹನದ ಬೆಲೆಯೇ. ಕ್ರೆಡಿಟ್ ಪಡೆದವರು ಅದೇ ಮೊತ್ತವನ್ನು ವಾಹನದ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ.