ಬೀಗ ಗಟ್ಟಿಯಾಗೇ ಇತ್ತು

ಹೋದ ಬೇಸಿಗೆ ರಜೆಯಲ್ಲಿ ತಿಪಟೂರಿನ ನಮ್ಮ ಮನೆಗೆ ಕಳ್ಳರು ನುಗ್ಗಿದರು. ಚಿಕ್ಕಮ್ಮನ ಮಗಳ ಮದುವೆಗೆ ಅಂತ ಎಲ್ಲರೂ ಅರಸೀಕೆರೆಗೆ ಹೋಗಿದ್ದೆವು. ಒಂದೇ ಒಂದು ರಾತ್ರಿ ಮನೆ ಖಾಲಿ. ಬೆಳಿಗ್ಗೆ ಆರು ಗಂಟೆಗೆ ಎದುರುಮನೆ ಆಂಟಿ ಫೋನ್ ಮಾಡಿ, "ಬಾಗಿಲು ತೆಗೆದಿದೆಯಲ್ಲ, ಯಾವಾಗ ಬಂದ್ರಿ ನೀವು?" ಅಂತ ಕೇಳಿದರು. ಅಪ್ಪನಿಗೆ ಆಗಲೇ ಗೊತ್ತಾಗಿಹೋಯಿತು.

ಬಂದು ನೋಡಿದರೆ ಆಶ್ಚರ್ಯ. ಬೀಗ ಮುರಿದಿರಲಿಲ್ಲ. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಆಲ್ಡ್ರಾಪಿನ ಸಮೇತ, ಹಾಕಿದ್ದು ಹಾಕಿದ ಹಾಗೇ ಮೆಟ್ಟಿಲ ಮೇಲೆ ಬಿದ್ದಿತ್ತು. ಬಾಗಿಲಲ್ಲಿ ನಾಲ್ಕು ಸಣ್ಣ ತೂತು, ಪಕ್ಕದಲ್ಲಿ ಕಬ್ಬಿಣದ ಸರಳು ಒತ್ತಿದ ಗುರುತು, ಅಷ್ಟೇ. ರಿಪೇರಿಗೆ ಬಂದ ಆಚಾರ್ರು ನೆಲದ ಮೇಲಿದ್ದ ಒಂದು ಸ್ಕ್ರೂ ಎತ್ತಿಕೊಂಡು ಅಪ್ಪನಿಗೆ ತೋರಿಸಿ ಹೇಳಿದರು: "ಬೀಗಕ್ಕೆ ಎಂಟ್ನೂರು ಕೊಟ್ರಿ ಸಾಮಿ, ಸ್ಕ್ರೂಗೆ ಎಂಟಾಣೆ ಕೊಡ್ಲಿಲ್ಲ."

ನಾನು ಮೆಕ್ಯಾನಿಕಲ್ ಓದುತ್ತಿರುವವನು. ಲಿವರ್, ಮೊಮೆಂಟ್, ಫಾಸ್ಟನರ್ ಎಲ್ಲಾ ಪರೀಕ್ಷೆಗೆ ಬರೆದು ಪಾಸಾಗಿದ್ದೇನೆ. ಆದರೆ ಹತ್ತೊಂಬತ್ತು ವರ್ಷ ದಿನಾ ಹಾಯ್ದು ಹೋದ ಬಾಗಿಲನ್ನು ಒಮ್ಮೆಯೂ ಆ ಕಣ್ಣಿಂದ ನೋಡಿರಲಿಲ್ಲ. ಆಮೇಲೆ ಓದಿ, ಅಳೆದು, ಆಚಾರ್ರ ಹತ್ತಿರ ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೀತಿದ್ದೀನಿ.

ಮೊದಲು ಬೀಗದ ವಿಷಯ. ಅಂಗಡಿಯಲ್ಲಿ "7 ಲಿವರ್", "8 ಲಿವರ್" ಅಂತ ಬೀಗ ಮಾರುತ್ತಾರಲ್ಲ, ಆ ಲಿವರ್ ಅಂದರೆ ಒಳಗೆ ಒಂದರ ಮೇಲೊಂದು ಇಟ್ಟಿರುವ ತೆಳು ಲೋಹದ ಪಟ್ಟಿಗಳು. ಕೀಲಿಯ ಒಂದೊಂದು ಹಲ್ಲು ಒಂದೊಂದು ಪಟ್ಟಿಯನ್ನು ಎತ್ತುತ್ತದೆ. ಎಷ್ಟು ಎತ್ತಬೇಕೋ ಅಷ್ಟೇ ಎತ್ತಬೇಕು, ಕಡಿಮೆಯಾದರೂ ಹೆಚ್ಚಾದರೂ ಬೀಗ ತೆರೆಯುವುದಿಲ್ಲ. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಪೇಟೆಂಟ್ ಮಾಡಿಸಿದ ಉಪಾಯ ಇದು. ಪಟ್ಟಿ ಹೆಚ್ಚಾದಷ್ಟೂ ಕೀಲಿ ಇಲ್ಲದೆ ತಂತಿ ಹಾಕಿ ತೆಗೆಯುವುದು ಕಷ್ಟ.

ಇದರ ಮುಂದಿನ ಕಥೆ ಮಜವಾಗಿದೆ. ಲಂಡನ್ನಿನ ಜೋಸೆಫ್ ಬ್ರಾಮಾ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಕೀಲಿ ಇಲ್ಲದೆ ಇದನ್ನು ತೆಗೆದವರಿಗೆ 200 ಗಿನಿ ಬಹುಮಾನ ಅಂತ ಬರೆಸಿದ್ದ. ಅರವತ್ತು ವರ್ಷ ಯಾರ ಕೈಲೂ ಆಗಲಿಲ್ಲ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಅನ್ನುವವನು ಮೊದಲು ಚಬ್ ಕಂಪನಿಯ ಪ್ರಸಿದ್ಧ ಬೀಗವನ್ನು 25 ನಿಮಿಷದಲ್ಲಿ ತೆಗೆದ. ಆಮೇಲೆ ಬ್ರಾಮಾ ಬೀಗಕ್ಕೆ ಕೈ ಹಾಕಿದ. ಅದಕ್ಕೆ ಹದಿನಾರು ದಿನಗಳಲ್ಲಿ ಹಂಚಿಕೊಂಡು ಐವತ್ತು ಗಂಟೆಗೂ ಹೆಚ್ಚು ಹಿಡಿಯಿತು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲ. ಆದರೆ ಗಮನಿಸಿ, ಐವತ್ತು ಗಂಟೆ ನಿಮ್ಮ ಬಾಗಿಲ ಮುಂದೆ ಕೂತು ಬೀಗ ಬಿಡಿಸುವ ಕಳ್ಳ ಎಲ್ಲೂ ಇಲ್ಲ. ಹಾಬ್ಸ್‌ಗೆ ಬೀಗದ ಮೇಲೆ ಪ್ರೀತಿ ಇತ್ತು. ನಮ್ಮ ಮನೆಗೆ ಬಂದವನಿಗೆ ಬೀಗ ಎಂಟು ಲಿವರಿನದೋ ಎರಡು ಲಿವರಿನದೋ ಅನ್ನುವುದೇ ಬೇಕಿರಲಿಲ್ಲ. ಅವನು ನೋಡಿದ್ದು ಬೀಗ ಯಾವುದಕ್ಕೆ ನೇತಾಡುತ್ತಿದೆ ಅಂತ.

ಈಗ ಲೆಕ್ಕಕ್ಕೆ ಬರೋಣ. ಮೂರು ಅಡಿ, ಅಂದರೆ 36 ಇಂಚಿನ ಸರಳು. ತುದಿಯಿಂದ 2 ಇಂಚು ದೂರದಲ್ಲಿ ಬಾಗಿಲಿಗೆ ಆನಿಸಿದರೆ ಈ ಕಡೆ 34 ಇಂಚು ಉಳಿಯಿತು. 34ನ್ನು 2ರಿಂದ ಭಾಗಿಸಿ, 17 ಪಟ್ಟು. ಸಾಧಾರಣ ಮನುಷ್ಯ 30 ಕೆಜಿಯಷ್ಟು ಭಾರ ಹಾಕಿದರೆ ಆ ತುದಿಯಲ್ಲಿ 510 ಕೆಜಿ. ಇಷ್ಟನ್ನು ತಡೆಯಬೇಕಿದ್ದದ್ದು ನಾಲ್ಕು ಅರ್ಧ ಇಂಚಿನ ಸ್ಕ್ರೂ. ಆ ಅರ್ಧ ಇಂಚಿನಲ್ಲೂ ಆಲ್ಡ್ರಾಪಿನ ತಗಡಿನ ದಪ್ಪ ಕಳೆದರೆ ಮರದೊಳಗೆ ಇಳಿದಿದ್ದು ಹತ್ತು ಮಿಲಿಮೀಟರ್ ಇರಬಹುದು. ಮರಕ್ಕೆ ಹಾಕಿದ ಸ್ಕ್ರೂ ಎಳೆತವನ್ನು ತಡೆಯುವುದು ಮುಖ್ಯವಾಗಿ ಎಷ್ಟು ಉದ್ದದ ಮರೆ ಮರವನ್ನು ಕಚ್ಚಿದೆ ಅನ್ನುವುದರ ಮೇಲೆ. ಉದ್ದ ಇಮ್ಮಡಿಯಾದರೆ ಹಿಡಿತವೂ ಹೆಚ್ಚುಕಮ್ಮಿ ಇಮ್ಮಡಿ.

ಇನ್ನೊಂದು ಸೂಕ್ಷ್ಮ ಇದೆ. ನಾಲ್ಕು ಸ್ಕ್ರೂ ಇದೆ ಅಂದರೆ ಭಾರ ನಾಲ್ಕಕ್ಕೂ ಸಮ ಹಂಚಿಹೋಗುತ್ತೆ ಅಂತ ನಾವು ಅಂದುಕೊಳ್ತೀವಿ. ಮೀಟುವಾಗ ಹಾಗಾಗಲ್ಲ. ಸರಳಿಗೆ ಹತ್ತಿರದ ಸ್ಕ್ರೂ ಮೊದಲು ಕೀಳುತ್ತೆ, ಆಮೇಲೆ ಪೂರ್ತಿ ಭಾರ ಪಕ್ಕದ್ದಕ್ಕೆ, ಅದೂ ಬಂದ ಮೇಲೆ ಮುಂದಿನದಕ್ಕೆ. ಹಲಸಿನಹಣ್ಣು ಬಿಡಿಸಿದ ಹಾಗೆ, ಮೊದಲ ತೊಳೆ ಬಂದರೆ ಉಳಿದಿದ್ದು ಸಲೀಸು.

ಹಾಗಾದರೆ ಪರಿಹಾರ ಏನು? ಆಚಾರ್ರು ಮಾಡಿದ್ದು ಇಷ್ಟೇ. ಸ್ಕ್ರೂ ಬದಲು ಬಾಗಿಲಿಗೆ ಆರಪಾರ ತೂತು ಹೊಡೆದು 6 ಮಿಲಿಮೀಟರ್ ಬೋಲ್ಟ್ ಹಾಕಿದರು. ಹೊರಗಡೆ ಕಾಣುವ ತಲೆ ಗುಂಡಗೆ ನುಣುಪಾಗಿರುವುದು, ಸ್ಕ್ರೂಡ್ರೈವರ್‌ಗೋ ಸ್ಪ್ಯಾನರ್‌ಗೋ ಸಿಗುವುದಿಲ್ಲ. ಒಳಗಡೆ ಅಗಲವಾದ ವಾಷರ್, ನಟ್. ಈಗ ಅದನ್ನು ಕೀಳಬೇಕಾದರೆ ಮರದ ಮರೆ ಹರಿದರೆ ಸಾಲದು, ಒಂದೋ ಬೋಲ್ಟ್ ತುಂಡಾಗಬೇಕು, ಇಲ್ಲಾ ವಾಷರ್ ಬಾಗಿಲನ್ನೇ ತೂರಿಕೊಂಡು ಬರಬೇಕು. ಸಾಧಾರಣ ಉಕ್ಕಿನ 4.6 ದರ್ಜೆಯ ಒಂದೇ ಬೋಲ್ಟ್ ಹರಿಯುವುದಕ್ಕೆ ಸುಮಾರು 800 ಕೆಜಿ ಎಳೆತ ಬೇಕು. ನಮಗೆ ಆದ ಖರ್ಚು ಒಂದು ಮಸಾಲೆದೋಸೆಗಿಂತ ಹೆಚ್ಚಿಲ್ಲ. ಆಚಾರ್ರ ಕೂಲಿ ಬೇರೆ, ಅದನ್ನು ಕೊಡಲೇಬೇಕು.

ಬಾಗಿಲಿನ ಕಡೆ ಗಟ್ಟಿಯಾದ ಮೇಲೆ ಸೋಲುವ ಜಾಗ ಚೌಕಟ್ಟಿಗೆ ಹೋಗುತ್ತೆ. ಅಗುಳಿ ಹೋಗಿ ಕೂರುವ ತೂತಿನ ಮೇಲಿನ ತಗಡು ನೋಡಿ, ಬಹಳ ಮನೆಗಳಲ್ಲಿ ಅದಕ್ಕೂ ಅರ್ಧ ಇಂಚಿನ ಸ್ಕ್ರೂಗಳೇ. ಚೌಕಟ್ಟು ದಪ್ಪ ಇರುವುದರಿಂದ ಅಲ್ಲಿ ಮೂರು ಇಂಚಿನವನ್ನು ಧಾರಾಳವಾಗಿ ಇಳಿಸಬಹುದು. ಬಾಗಿಲು ಹೊರಕ್ಕೆ ತೆರೆಯುವಂಥದ್ದಾದರೆ ಕೀಲುಗಳ ಕಡ್ಡಿ ಹೊರಗೇ ಇರುತ್ತೆ. ಕಡ್ಡಿ ತಟ್ಟಿ ತೆಗೆದರೆ ಬಾಗಿಲನ್ನು ಆ ಕಡೆಯಿಂದಲೇ ಬಿಚ್ಚಬಹುದು, ಬೀಗ ಈ ಕಡೆ ಕಾವಲು ಕಾಯುತ್ತಾ ಇರುತ್ತೆ. ಇದಕ್ಕೊಂದು ಹಳೇ ಉಪಾಯ: ಕೀಲಿನ ಕಡೆಯ ಬಾಗಿಲಂಚಿಗೆ ಒಂದು ದಪ್ಪ ಸ್ಕ್ರೂ ಹಾಕಿ ತಲೆ ಕತ್ತರಿಸಿ, ಅರ್ಧ ಇಂಚು ಹೊರಗೆ ಬಿಡಿ. ಅದು ಹೋಗಿ ಕೂರುವಂತೆ ಎದುರಿನ ಚೌಕಟ್ಟಿನಲ್ಲಿ ತೂತು ಮಾಡಿ. ಮುಚ್ಚಿದಾಗ ಅದು ಒಳಗೆ ಕಚ್ಚಿಕೊಂಡಿರುತ್ತೆ, ಕಡ್ಡಿ ತೆಗೆದರೂ ಬಾಗಿಲು ಬರಲ್ಲ.

ಎಳೆದರೆ ತಾನೇ ಕಚ್ಚಿಕೊಳ್ಳುವ ಲಾಕ್ ಇರುವ ಅಪಾರ್ಟ್‌ಮೆಂಟಿನವರು ಒಂದು ಮಾತು ನೆನಪಿಡಿ. ಆ ನಾಲಿಗೆಯ ಹಿಂದೆ ಸ್ಪ್ರಿಂಗ್ ಇದೆ, ತಳ್ಳಿದರೆ ಒಳಗೆ ಹೋಗುತ್ತೆ. ಕೀಲಿಯಿಂದ ಎರಡು ಸುತ್ತು ತಿರುಗಿಸಿದಾಗ ಹೊರಬರುವ ಚೌಕದ ಅಗುಳಿಗೆ ಸ್ಪ್ರಿಂಗ್ ಇಲ್ಲ, ಅದು ತಳ್ಳಿದರೆ ಜಗ್ಗಲ್ಲ. "ಇಲ್ಲೇ ಅಂಗಡಿಗೆ ಹೋಗ್ಬರ್ತೀನಿ" ಅಂತ ಸುಮ್ಮನೆ ಎಳೆದುಕೊಂಡು ಹೋಗುವುದು ಅರ್ಧ ಹಾಕಿದ ಬೀಗ.

ಮುಂಬಾಗಿಲಿಗೆ ಇಷ್ಟೆಲ್ಲಾ ಮಾಡಿ ಹಿತ್ತಲ ಬಾಗಿಲಿಗೆ ಒಂದು ಟವರ್ ಬೋಲ್ಟ್ ಬಿಟ್ಟರೆ ಏನುಪಯೋಗ? ಬಚ್ಚಲುಮನೆ ಕಿಟಕಿಯ ಗಾಜಿನ ಪಟ್ಟಿಗಳೂ ಅಷ್ಟೇ, ಅಲ್ಯೂಮಿನಿಯಂ ತುದಿಯನ್ನು ಬಗ್ಗಿಸಿದರೆ ಒಂದೊಂದಾಗಿ ಜಾರಿ ಬರುತ್ತವೆ. ಅಲ್ಲಿಗೆ ಒಳಗಿನಿಂದ ಒಂದು ಗ್ರಿಲ್ ಬೇಕು. ಹೆಂಚಿನ ಮನೆಯವರಿಗೆ ನಾನು ಹೇಳಬೇಕಿಲ್ಲ.

ಯಾವ ಬಾಗಿಲೂ ಶಾಶ್ವತವಾಗಿ ತಡೆಯಲ್ಲ ಅನ್ನುವುದನ್ನು ಎಂಜಿನಿಯರುಗಳು ಒಪ್ಪಿಕೊಂಡೇ ಮಾನದಂಡ ಮಾಡಿದ್ದಾರೆ. ಯುರೋಪಿನ ಇಎನ್ 1627 ಮಾನದಂಡದಲ್ಲಿ ಬಾಗಿಲಿಗೆ ಅಂಕ ಕೊಡುವುದು ನಿಮಿಷಗಳಲ್ಲಿ. ನಿಗದಿಯಾದ ಸಲಕರಣೆ ಹಿಡಿದ ಪರೀಕ್ಷಕ ಮೀಟುತ್ತಾನೆ. ಎರಡನೇ ದರ್ಜೆ ಮೂರು ನಿಮಿಷ ತಡೆಯಬೇಕು, ಮೂರನೇ ದರ್ಜೆ ಐದು ನಿಮಿಷ. ಬರೀ ಮೂರು ನಿಮಿಷವಾ ಅನ್ನಬೇಡಿ. ನಡುರಾತ್ರಿ ಬೀದಿಯಲ್ಲಿ ಮೂರು ನಿಮಿಷ ಕರಕರ ಸದ್ದು ಮಾಡುತ್ತಾ ನಿಲ್ಲುವುದು ಕಳ್ಳನಿಗೆ ದೊಡ್ಡ ಹೊತ್ತು. ನೆದರ್ಲೆಂಡ್ಸ್‌ನಲ್ಲಿ 1999ರಿಂದ ಹೊಸ ಮನೆಗಳ ಬಾಗಿಲು ಕಿಟಕಿ ಇಂಥ ದರ್ಜೆಯವೇ ಇರಬೇಕು ಅಂತ ಕಟ್ಟಡ ನಿಯಮ ತಂದರು. ಆ ಮನೆಗಳಲ್ಲಿ ಕಳ್ಳತನ ಸುಮಾರು ಕಾಲು ಭಾಗದಷ್ಟು ಇಳಿದದ್ದನ್ನು ಆಮೇಲೆ ಅಲ್ಲಿನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ನಮ್ಮ ಬಾಗಿಲು ಮೂವತ್ತು ಸೆಕೆಂಡ್ ತಡೆದಿದ್ದರೆ ಹೆಚ್ಚು.

ಆದರೆ ಆ ಹೊತ್ತಿಗೆ ಬೆಲೆ ಬರುವುದು ಕೇಳಿಸಿಕೊಳ್ಳುವವರು ಇದ್ದಾಗ. ನಾವು ಮಾಡಿದ ದೊಡ್ಡ ತಪ್ಪು ಇಲ್ಲಿದೆ. ಎದುರುಮನೆ ಆಂಟಿಗೆ ನಾವು ಊರಿಗೆ ಹೋಗುವುದನ್ನೇ ಹೇಳಿರಲಿಲ್ಲ. ರಾತ್ರಿ ಅವರಿಗೆ ಸದ್ದು ಕೇಳಿಸಿತ್ತಂತೆ, "ನೀವೇ ತಡವಾಗಿ ಬಂದ್ರೇನೋ ಅಂದ್ಕೊಂಡೆ" ಅಂದರು. ನಾವು ಮನೇಲಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ, ಕಳ್ಳನಿಗೆ ಮಾತ್ರ ಗೊತ್ತಿತ್ತು. ಹೇಗೆ? ಬಾಗಿಲ ಹೊರಗೆ ನೇತಾಡುವ ಬೀಗವೇ ಒಂದು ಬೋರ್ಡು. ಬೆಳಿಗ್ಗೆ ಬಿದ್ದ ಪೇಪರ್ ಸಂಜೆಯಾದರೂ ಅಲ್ಲೇ, ಹಗಲೂ ಉರಿಯುತ್ತಿದ್ದ ಹೊರಗಿನ ದೀಪ, ಹಾಕದ ರಂಗೋಲಿ. ನಮ್ಮ ಕಡೆ ಬೀದಿಗಳಲ್ಲಿ ಎಲ್ಲರ ಮನೆ ಮುಂದೆ ರಂಗೋಲಿ ಇದ್ದು ಒಂದು ಹೊಸ್ತಿಲು ಮಾತ್ರ ಬೋಳಾಗಿದ್ದರೆ ದಾರೀಲಿ ಹೋಗೋರಿಗೂ ಕಾಣುತ್ತೆ. ಇದರ ಜೊತೆಗೆ ನಾನು ಬೇರೆ ಮದುವೆಮನೆಯಿಂದ ಸಂಜೆಯಿಡೀ ಸ್ಟೇಟಸ್ ಹಾಕಿದ್ದೆ. ಯಾರು ನೋಡಿದರೋ ಗೊತ್ತಿಲ್ಲ, ಆದರೆ ಆಮೇಲೆ ಅದನ್ನು ನೆನೆದಾಗಲೆಲ್ಲ ಹೊಟ್ಟೆ ತೊಳಸುತ್ತೆ.

ಈಗ ಹೊರಡುವ ಮುಂಚೆ ಅಮ್ಮ ಆಂಟಿಗೆ ಹೇಳಿ ಹೋಗ್ತಾರೆ. ಅವರು ನಮ್ಮ ಬಾಗಿಲಿಗೂ ನೀರು ಹಾಕಿ ಒಂದೆಳೆ ರಂಗೋಲಿ ಎಳೀತಾರೆ, ಅವರು ಹೋದಾಗ ಅಮ್ಮ. ಎರಡು ದಿನಕ್ಕಿಂತ ಹೆಚ್ಚಾದರೆ ಠಾಣೆಗೂ ತಿಳಿಸುತ್ತೇವೆ. ಬೀಟ್‌ನವರು ಆ ಕಡೆ ಒಂದು ಕಣ್ಣಿಡಲಿ ಅಂತ. ಸಿಸಿಟಿವಿ ಹಾಕಿಸೋಣ ಅಂತ ನಾನು ಹಟ ಹಿಡಿದೆ. ಹಾಕಿಸುವವರು ಒಂದು ನೋಡಿಕೊಳ್ಳಿ, ರೆಕಾರ್ಡ್ ಮಾಡುವ ಪೆಟ್ಟಿಗೆಯನ್ನು ಟಿವಿ ಪಕ್ಕ ಇಟ್ಟರೆ ಕಳ್ಳ ಅದನ್ನೂ ಎತ್ತಿಕೊಂಡು ಹೋಗ್ತಾನೆ.

ಹಾಸ್ಟೆಲ್, ಪಿಜಿಯಲ್ಲಿರುವ ನಮ್ಮ ಓದುಗರಿಗೂ ಸ್ವಲ್ಪ. ಮೂರು ಅಂಕಿಯ ನಂಬರ್ ಲಾಕ್ ಹಾಕ್ತೀರಲ್ಲ, 000ದಿಂದ 999ರವರೆಗೆ ಒಟ್ಟು ಸಾವಿರ ಸಾಧ್ಯತೆ. ಒಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಎಲ್ಲವನ್ನೂ ತಿರುಗಿಸಿ ಮುಗಿಸಲು 34 ನಿಮಿಷ ಸಾಕು. ನೀವು ಲ್ಯಾಬಿಗೆ ಹೋದರೆ ಮೂರು ಗಂಟೆ ಬರಲ್ಲ. ಶೂ ಒಳಗೆ, ಮೀಟರ್ ಬಾಕ್ಸಿನಲ್ಲಿ, ಬಾಗಿಲ ಮೇಲಿನ ಕಟ್ಟೆಯಲ್ಲಿ ಕೀಲಿ ಇಡುವುದು ಕಳ್ಳನಿಗೂ ಗೊತ್ತಿರುವ ಗುಟ್ಟು. ಫೋನಿನಲ್ಲಿ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು, ಲ್ಯಾಪ್‌ಟಾಪಿನ ಅಡಿಯಲ್ಲಿರುವ ಸೀರಿಯಲ್ ನಂಬರನ್ನು ಇವತ್ತೇ ಬರೆದು ಮನೆಗೆ ಕಳಿಸಿಬಿಡಿ. ಫೋನ್ ಹೋದರೆ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಅದೇ ಸಂಖ್ಯೆಯಿಂದ ಫೋನನ್ನು ಬ್ಲಾಕ್ ಮಾಡಿಸಬಹುದು. ಸಿಮ್‌ಗೂ ಪಿನ್ ಹಾಕಿ. ಇಲ್ಲದಿದ್ದರೆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದವನಿಗೆ ನಿಮ್ಮ ಒಟಿಪಿ ಎಲ್ಲಾ ಸಿಗುತ್ತೆ.

ಕಳ್ಳತನ ಆಗಿಹೋಗಿದ್ದರೆ ಒಳಗೆ ಹೋಗಿ ಎಲ್ಲಾ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ ಹೊರಗೇ ನಿಲ್ಲಿ. ಕಳ್ಳ ಒಳಗೇ ಇರಬಹುದು, ಬೆರಳಗುರುತೂ ಅಳಿಸಿಹೋಗಬಹುದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಾಸದ ಮನೆಯ ಕಳ್ಳತನ 305ನೇ ಕಲಮಿಗೆ ಬರುತ್ತೆ, ಏಳು ವರ್ಷದವರೆಗೆ ಶಿಕ್ಷೆ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು, ಕೇಳಿ ತಗೊಳ್ಳಿ.

ನಮ್ಮನೇಲಿ ನಿಜವಾಗಿ ಸೋತಿದ್ದು ಠಾಣೆಯಲ್ಲಿ ಕೂತಾಗ. ಏನೇನು ಹೋಗಿದೆ, ಎಷ್ಟು ಗ್ರಾಂ, ಗುರುತೇನು ಅಂತ ಕೇಳಿದರು. ಅಮ್ಮನ ಎರಡು ಬಳೆಗೆ ರಸೀದಿ ಇತ್ತು. ಅಜ್ಜಿಯ ಅವಲಕ್ಕಿ ಸರಕ್ಕೆ ಏನೂ ಇರಲಿಲ್ಲ. ಅಜ್ಜಿಗೆ ಅದು ಅವರಮ್ಮ ಕೊಟ್ಟಿದ್ದು. ತೂಕ ಯಾರಿಗೂ ಗೊತ್ತಿಲ್ಲ. ಬೀರುವಿನ ಕೀಲಿ ಬೀರುವಿನ ಮೇಲೆಯೇ, ಹಳೇ ಸೀರೆ ಕೆಳಗಿತ್ತು ಅನ್ನುವುದನ್ನು ಹೇಳುವಾಗ ಅಮ್ಮ ತಲೆ ಎತ್ತಲಿಲ್ಲ. ಒಡವೆ ಪತ್ತೆಯಾದರೂ ಇದು ನಮ್ಮದೇ ಅಂತ ಗುರುತಿಸಿ ತೋರಿಸಿದರೇನೇ ನ್ಯಾಯಾಲಯ ಬಿಟ್ಟುಕೊಡುವುದು. ಗುರುತು ಹೇಳಲು ಕಾಗದವೂ ಇಲ್ಲ, ಫೋಟೋವೂ ಇಲ್ಲ.

ಬ್ಯಾಂಕ್ ಲಾಕರ್ ತಗೊಳ್ಳೋಣ ಅಂತ ಆಮೇಲೆ ನಿರ್ಧಾರವಾಯಿತು. ಅದರಲ್ಲೂ ಒಂದು ವಿಷಯ ಗೊತ್ತಿರಲಿ: ರಿಸರ್ವ್ ಬ್ಯಾಂಕ್ ನಿಯಮದಂತೆ, ಬ್ಯಾಂಕಿನ ಕೊರತೆಯಿಂದ ಕಳ್ಳತನವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 2000 ಇದ್ದರೆ ಎರಡು ಲಕ್ಷ, ಅಲ್ಲಿಗೆ ಮುಗಿಯಿತು. ಆದ್ದರಿಂದ ಲಾಕರಿನಲ್ಲಿಟ್ಟರೂ ಪಟ್ಟಿ ಬೇಕೇ ಬೇಕು. ಒಂದೊಂದು ಒಡವೆಯನ್ನೂ ಬಿಳಿ ಬಟ್ಟೆಯ ಮೇಲೆ ಸ್ಕೇಲ್ ಪಕ್ಕ ಇಟ್ಟು ಎರಡೂ ಬದಿಯ ಫೋಟೋ ತೆಗೆಯಿರಿ, ಕೊಕ್ಕೆ ಹತ್ತಿರದ ಅಕ್ಕಸಾಲಿಗರ ಮುದ್ರೆ, ಬೆಸುಗೆ ಹಾಕಿದ ಗುರುತು ಕಾಣುವ ಹಾಗೆ. ತೂಕ ಬರೆಯಿರಿ. ಒಂದು ಪ್ರತಿ ಮನೆಯ ಹೊರಗೆ ಇರಲಿ.

ಕೊನೆಗೆ ಅಜ್ಜಿಯ ಸರ ಕಂಡಿದ್ದು ಅಪ್ಪ ಅಮ್ಮನ ಮದುವೆ ಆಲ್ಬಮ್ಮಿನಲ್ಲಿ. ಧಾರೆ ಎರೆಯುವ ಫೋಟೋದಲ್ಲಿ ಅಜ್ಜಿ ಪಕ್ಕಕ್ಕೆ ನಿಂತಿದ್ದಾರೆ, ಸೆರಗಿನ ಮೇಲೆ ಸರ ಅರ್ಧ ಕಾಣುತ್ತೆ. ಅದನ್ನು ದೊಡ್ಡದು ಮಾಡಿಸಿ ಠಾಣೆಗೆ ಕೊಟ್ಟು ಬಂದೆವು. ಬಳೆ ಸಿಕ್ಕಿತು. ಸರ ಇನ್ನೂ ಸಿಕ್ಕಿಲ್ಲ.