ಹಳೇ ಜೀಪಿನ ಎಂಜಿನ್ ತೊಳೆಯಲು ಹತ್ತು ಸೂತ್ರಗಳು

ಮಹೀಂದ್ರದ ಎಂಎಂ 540, ಮೇಜರ್, 1985ರಲ್ಲಿ ಬಂದ ಮಾರುತಿ ಜಿಪ್ಸಿ ಮಲೆನಾಡಿನ, ಕೊಡಗಿನ ತೋಟದ ದಾರಿಗಳಲ್ಲಿ ಇಂದಿಗೂ ದುಡಿಯುತ್ತಿವೆ. ಆಯುಧಪೂಜೆ ಬಂತೆಂದರೆ ಅವುಗಳ ಮೈ ತೊಳೆದು, ಹಾರ ಹಾಕಿ, ಬೂದುಗುಂಬಳ ಒಡೆಯುತ್ತೇವೆ. ಬಾನೆಟ್ಟಿನ ಕೆಳಗೆ ಮಾತ್ರ ಇಡೀ ಮಳೆಗಾಲದ ಕೆಸರು, ವರ್ಷಗಳ ಎಣ್ಣೆಜಿಡ್ಡು ಹಾಗೇ ಉಳಿದಿರುತ್ತದೆ. ಸೋರುವ ಸೀಲು, ಬಿರುಕುಬಿಟ್ಟ ಹೋಸು, ಇಲಿ ಕಡಿದ ವೈರು ಎಲ್ಲವೂ ಅದರಡಿ ಅಡಗಿರುತ್ತವೆ. ಎಂಜಿನ್ ತೊಳೆಯುವುದು ಇವನ್ನು ಕಣ್ಣಾರೆ ಕಾಣುವುದಕ್ಕೆ. ಹೊಳಪು ಆಮೇಲಿನ ಮಾತು. ಮಳೆ ನಿಂತ ಮೇಲೆ ಒಂದು ಬಿಡುವಿನ ದಿನ ಇದಕ್ಕೆಂದೇ ಇಟ್ಟುಕೊಳ್ಳಿ.

1. ತೊಳೆಯುವ ಮೊದಲು ನೋಡಿ

ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಮೂಲೆಮೂಲೆಯ ಫೋಟೊ ತೆಗೆದುಕೊಳ್ಳಿ. ಒಣ ಧೂಳು ಕೂತ ಕಡೆ ಚಿಂತೆಯಿಲ್ಲ. ಒದ್ದೆಯಾಗಿ ಮಿನುಗುವ ಕಡೆ ಸೋರಿಕೆ ಈಗಲೂ ನಡೆಯುತ್ತಿದೆ ಎಂದರ್ಥ. ಕಪ್ಪಗೆ ದಪ್ಪಗಿದ್ದರೆ ಎಂಜಿನ್ ಆಯಿಲ್. ತೆಳ್ಳಗಿದ್ದು ವಾಸನೆ ಬಂದರೆ ಡೀಸೆಲ್. ಹೋಸಿನ ತುದಿಯಲ್ಲಿ ಹಸಿರು ಇಲ್ಲವೇ ತುಕ್ಕುಬಣ್ಣದ ಹಕ್ಕಳೆ ಕಟ್ಟಿದ್ದರೆ ಕೂಲಂಟ್. ನೀರು ಬಿದ್ದ ಮೇಲೆ ಈ ಗುರುತುಗಳು ಉಳಿಯುವುದಿಲ್ಲ.

2. ಎಂಜಿನ್ ತಣ್ಣಗಿರಲಿ, ಜಾಗ ಸರಿಯಿರಲಿ

ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ನೆರಳಿನಲ್ಲೇ ತೊಳೆಯಿರಿ. ಬಿಸಿಯಾದ ಬೀಡುಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಣ್ಣೀರು ಬಿದ್ದರೆ ಅದು ಬಿರುಕು ಬಿಡಬಹುದು. ಡೀಸೆಲ್ ಪಂಪಿಗಂತೂ ಇನ್ನೂ ಅಪಾಯ: ಅದರೊಳಗಿನ ಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಚಿಕ್ಕದು, ಹೊರಕವಚ ಥಟ್ಟನೆ ತಣಿದು ಕುಗ್ಗಿದರೆ ಪಂಪು ಜಾಮ್ ಆಗಬಹುದು. ಎಣ್ಣೆ ಬೆರೆತ ನೀರು ಹಳ್ಳಕ್ಕೋ ಬಾವಿಯ ಕಡೆಗೋ ಗದ್ದೆಗೋ ಹರಿಯದ ಜಾಗ ಆರಿಸಿ. ಗಾಡಿಯಡಿ ಮರದ ಹೊಟ್ಟು ಹರಡಿದರೆ ಜಿಡ್ಡನ್ನು ಹೀರಿಕೊಳ್ಳುತ್ತದೆ. ಆಮೇಲೆ ಅದನ್ನು ಗುಡಿಸಿ ಬೇರೆಯಾಗಿ ತೆಗೆದಿಡಿ.

3. ಬ್ಯಾಟರಿ ಬಿಚ್ಚಿ ಹೊರಗಿಡಿ

ಮೊದಲು ಮೈನಸ್, ಆಮೇಲೆ ಪ್ಲಸ್. ಮೈನಸ್ ಕೂಡಿರುವಾಗಲೇ ಪ್ಲಸ್ ಬಿಚ್ಚಲು ಹೊರಟು ಸ್ಪ್ಯಾನರ್ ಬಾಡಿಗೆ ತಗುಲಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್‌ಗೆ ಅಷ್ಟು ಕಿಡಿ ಸಾಕು. ಟರ್ಮಿನಲ್ ಮೇಲಿನ ಬಿಳಿ-ನೀಲಿ ಪುಡಿಗೆ ಅಡುಗೆ ಸೋಡಾ ಕಲಸಿದ ಬೆಚ್ಚನೆ ನೀರು ಹಚ್ಚಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಆ ನೀರು ಸೆಲ್ಲಿನೊಳಗೆ ಇಳಿಯಬಾರದು, ಮುಚ್ಚಳಗಳು ಬಿಗಿಯಾಗಿರಲಿ. ಬ್ಯಾಟರಿ ಕೂರುವ ತಟ್ಟೆಯನ್ನೂ ಪರೀಕ್ಷಿಸಿ: ಆಸಿಡ್ ತಿಂದು ತಗಡು ತೂತಾಗಿರುವುದು ಹಳೇ ಜೀಪುಗಳಲ್ಲಿ ಸಾಮಾನ್ಯ.

4. ಒಣ ಕೆಲಸ ಮೊದಲು

ಸಿಲ್ವರ್ ಓಕ್ ಎಲೆ, ಹುಲ್ಲು, ಗೂಡು, ಗಟ್ಟಿಯಾದ ಕೆಂಪು ಮಣ್ಣು ಇವನ್ನೆಲ್ಲ ನೀರು ಮುಟ್ಟಿಸುವ ಮೊದಲೇ ತೆಗೆಯಿರಿ. ಮರದ ಚೂರಿನಿಂದ ಕೆರೆದು, ಬಣ್ಣ ಹಚ್ಚುವ ಬ್ರಷ್‌ನಿಂದ ಗುಡಿಸಿ. ಗಾಜಿನ ಕೆಳಗಿನ ಸಂದು, ಚಾಸಿ ಮತ್ತು ಎಂಜಿನ್ ಮೌಂಟಿಂಗ್ ನಡುವಿನ ಜಾಗ, ಸ್ಟಿಯರಿಂಗ್ ಬಾಕ್ಸಿನ ಸುತ್ತ ಮಣ್ಣು ಹೆಚ್ಚು ಸೇರುತ್ತದೆ. ಇಲಿಗೂಡು ಸಿಕ್ಕರೆ ಮಾಸ್ಕ್, ಗ್ಲೌಸ್ ಹಾಕಿಕೊಂಡೇ ತೆಗೆಯಿರಿ. ಅಕ್ಕಪಕ್ಕದ ವೈರುಗಳನ್ನು ಉದ್ದಕ್ಕೂ ಸವರಿ ನೋಡಿ.

5. ನೀರು ಹೋಗಬಾರದ ಬಾಯಿಗಳನ್ನು ಕಟ್ಟಿ

ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್, ಟೇಪು ಸಾಕು. ಮೊದಲು ಮುಚ್ಚಬೇಕಾದ್ದು ಏರ್ ಕ್ಲೀನರ್ ಬಾಯಿ. ಡೀಸೆಲ್ ಎಂಜಿನ್ ತಾನು ಎಳೆದುಕೊಂಡ ಗಾಳಿಯನ್ನು ಸುಮಾರು 20ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಗಾಳಿ ಅದುಮಿಸಿಕೊಳ್ಳುತ್ತದೆ, ನೀರು ಅದುಮಿಸಿಕೊಳ್ಳುವುದಿಲ್ಲ. ಸಿಲಿಂಡರಿಗೆ ನೀರು ಸೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಆಲ್ಟರ್ನೇಟರ್, ಸೆಲ್ಫ್ ಮೋಟರ್, ಫ್ಯೂಸ್ ಬಾಕ್ಸ್, ಹಾರ್ನ್ ಮುಚ್ಚಿ. ಕಾರ್ಬುರೇಟರ್ ಇರುವ ಜಿಪ್ಸಿಯಾದರೆ ಡಿಸ್ಟ್ರಿಬ್ಯೂಟರ್ ಮತ್ತು ಕಾಯಿಲ್, 2000ದ ನಂತರದ ಎಂಪಿಎಫ್‌ಐ ಜಿಪ್ಸಿಯಾದರೆ ಸೆನ್ಸರ್‌ಗಳ ಕನೆಕ್ಟರ್‌ಗಳು ಕೂಡ. ಡಿಪ್‌ಸ್ಟಿಕ್, ಆಯಿಲ್ ಮುಚ್ಚಳ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಗಿಯಾಗಿವೆಯೇ ನೋಡಿ. ಎಷ್ಟು ಕಡೆ ಕಟ್ಟಿದ್ದೀರಿ ಎಂದು ಬರೆದಿಟ್ಟುಕೊಳ್ಳಿ.

6. ಪೆಟ್ರೋಲ್, ಸೀಮೆಎಣ್ಣೆ, ಕಾಸ್ಟಿಕ್ ಸೋಡಾ ಬೇಡ

ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಡೀಸೆಲ್, ಸೀಮೆಎಣ್ಣೆ ಜಿಡ್ಡನ್ನು ಬಿಡಿಸುತ್ತವೆ ನಿಜ, ಆದರೆ ರೇಡಿಯೇಟರ್ ಹೋಸಿನ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ನೀರಿನಲ್ಲಿ ಕರಗುವ ಡಿಗ್ರೀಸರ್ ತನ್ನಿ. ಜಿಡ್ಡು ಕಡಿಮೆಯಿದ್ದರೆ ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೂ ಸಾಕು. ಹಚ್ಚಿ, 5ರಿಂದ 10 ನಿಮಿಷ ನೆನೆಯಲು ಬಿಡಿ, ಒಣಗುವ ಮೊದಲೇ ಬ್ರಷ್‌ನಿಂದ ಉಜ್ಜಿ. ಮಡ್ಡಿ ಗಟ್ಟಿಯಾಗಿದ್ದರೆ ಒಂದೇ ಸಲಕ್ಕೆ ಬಿಡಿಸಲು ಹೋಗದೆ ಎರಡು ಮೂರು ಸಲ ಹಚ್ಚಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಮರೆಯಬೇಡಿ.

7. ನೀರು ಕಡಿಮೆ, ರಭಸ ಇನ್ನೂ ಕಡಿಮೆ

ವಾಟರ್ ಸರ್ವಿಸಿನ ಗನ್ ಚಾಸಿಗೆ, ಚಕ್ರಕ್ಕೆ ಸರಿ. ಹಳೇ ಎಂಜಿನ್ನಿಗೆ ಸಲ್ಲ. ಆ ರಭಸಕ್ಕೆ ನೀರು ಸೀಲು ದಾಟಿ ಬೇರಿಂಗಿಗೆ, ವೈರಿನ ಜೋಡಣೆಯೊಳಕ್ಕೆ ನುಗ್ಗುತ್ತದೆ. ಹಲವು ವರ್ಷಗಳ ಬಿಸಿಗೆ ಪೆಡಸಾದ ವೈರಿನ ಸಿಪ್ಪೆ ಎದ್ದುಬರುತ್ತದೆ. ತೋಟದ ಪೈಪಿನಲ್ಲಿ ಸಣ್ಣಗೆ ನೀರು ಬಿಡಿ, ಇಲ್ಲವೇ ಸ್ಪ್ರೇ ಬಾಟಲಿ ಸಾಕು. ಮೇಲಿನಿಂದ ಕೆಳಕ್ಕೆ, ಒಂದು ಸಲಕ್ಕೆ ಒಂದು ಭಾಗ. ವೈರು ಹೆಚ್ಚಿರುವ ಕಡೆ ನೀರೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ.

8. ರೇಡಿಯೇಟರನ್ನು ಹಿಂದಿನಿಂದ ತೊಳೆಯಿರಿ

ಗಾಡಿ ಓಡುವಾಗ ಗಾಳಿ ಮುಂದಿನಿಂದ ಹಿಂದಕ್ಕೆ ಹಾಯುತ್ತದೆ. ಹುಳ, ಹುಲ್ಲಿನ ಬೀಜ, ಕೆಸರು ಎಲ್ಲ ಮುಂಬದಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಮುಂದಿನಿಂದ ನೀರು ಹಾಯಿಸಿದರೆ ಅವು ಇನ್ನಷ್ಟು ಒಳಸೇರುತ್ತವೆ. ಫ್ಯಾನಿನ ಕಡೆಯಿಂದ ಹಾಯಿಸಿದರೆ ಹೊರಬರುತ್ತವೆ. ರೆಕ್ಕೆತಗಡುಗಳು ಬಲು ತೆಳು, ಮೆತ್ತನೆ ಬ್ರಷ್ಷನ್ನು ಅವುಗಳ ಉದ್ದಕ್ಕೆ ಮಾತ್ರ ಆಡಿಸಿ. ಘಾಟಿ ಹತ್ತುವಾಗ ಬಿಸಿಯೇರುವ ಎಷ್ಟೋ ಜೀಪುಗಳಿಗೆ ಇಷ್ಟೇ ಮದ್ದು ಸಾಕಾಗುತ್ತದೆ.

9. ಪೂರ್ತಿ ಒಣಗಿಸಿ, ಆಮೇಲೆ ಸ್ಟಾರ್ಟ್ ಮಾಡಿ

ಕಟ್ಟಿದ ಪ್ಲಾಸ್ಟಿಕ್ಕುಗಳನ್ನು ಬರೆದಿಟ್ಟ ಲೆಕ್ಕದಂತೆ ಬಿಚ್ಚಿ. ಒಂದು ಉಳಿದರೂ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಹಳೇ ಬನಿಯನ್ ಬಟ್ಟೆಯಿಂದ ಒರೆಸಿ, ಒಂದೆರಡು ಗಂಟೆ ಬಾನೆಟ್ ತೆರೆದೇ ಇಡಿ. ಹಿಂದಕ್ಕೆ ಮಡಚಿ ಗಾಜಿಗೆ ಒರಗಿಸುವ ಬಾನೆಟ್ಟಾದರೆ ಗಾಳಿಗೆ ಬೀಳದಂತೆ ಕಟ್ಟಿಹಾಕಿ. ಒಣಗುವ ಹೊತ್ತಿನಲ್ಲಿ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ, ಎರಡೂ ತುದಿ ಉಜ್ಜಿ, ಬಿಗಿಯಾಗಿ ಕೂರಿಸಿ. ಸೆಲ್ಫ್ ನಿಧಾನವಾಗಿ ತಿರುಗುವುದಕ್ಕೆ, ಲೈಟು ಮಂಕಾಗುವುದಕ್ಕೆ ಹಲವು ಸಲ ಇದೇ ಕಾರಣ. ಪೆಟ್ರೋಲ್ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಭಾಗ ಒರೆಸಿ.

ಬ್ಯಾಟರಿ ಕೂಡಿಸುವಾಗ ಮೊದಲು ಪ್ಲಸ್, ಆಮೇಲೆ ಮೈನಸ್. ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಸ್ಟಾರ್ಟ್ ಮಾಡಿ, ಟೆಂಪರೇಚರ್ ಮುಳ್ಳು ಎಂದಿನ ಜಾಗಕ್ಕೆ ಬರುವವರೆಗೆ ನಿಂತಲ್ಲೇ ಓಡಲಿ. ಸಂದುಗಳಲ್ಲಿ ಉಳಿದ ನೀರು ಸ್ವಲ್ಪ ಹಬೆಯಾಗಿ ಏಳುತ್ತದೆ, ಗಾಬರಿ ಬೇಡ. ಕೊನೆಯಲ್ಲಿ ಹೊಳಪಿಗೆಂದು ಡೀಸೆಲ್ಲನ್ನೋ ಹಳೇ ಆಯಿಲನ್ನೋ ಸಿಂಪಡಿಸಬೇಡಿ. ಮರುದಿನವೇ ಅದರ ಮೇಲೆ ಧೂಳು ಕೂತು ಹೊಸ ಜಿಡ್ಡು ಶುರುವಾಗುತ್ತದೆ. ಫ್ಯಾನ್ ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ.

10. ಸೋರಿಕೆ ಹುಡುಕಿ, ಸರಿಯಾದ ಕ್ರಮದಲ್ಲಿ ರಿಪೇರಿ ಮಾಡಿಸಿ

ಇಷ್ಟೆಲ್ಲ ದುಡಿದದ್ದಕ್ಕೆ ಫಲ ಸಿಗುವುದು ಇಲ್ಲಿ. ರಾತ್ರಿ ಗಾಡಿಯಡಿ ದೊಡ್ಡ ರಟ್ಟು ಹಾಸಿ, ಬೆಳಗ್ಗೆ ಹನಿ ಬಿದ್ದ ಜಾಗ ನೋಡಿ. ಅನುಮಾನವಿರುವ ಕಡೆ ಮಕ್ಕಳ ಪೌಡರ್ ತೆಳ್ಳಗೆ ಉದುರಿಸಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ. ಸೋರಿಕೆ ಎಲ್ಲಿಂದ ಹೊರಟಿದೆಯೋ ಅಲ್ಲಿ ಪೌಡರ್ ನೆನೆದು ಗೆರೆ ಮೂಡುತ್ತದೆ. ಫ್ಯಾನಿನಿಂದ ಕೈ, ಬಟ್ಟೆ ದೂರವಿರಲಿ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಮುಂದಿನ ಆಯಿಲ್ ಸೀಲ್, ಡೀಸೆಲ್ ಪೈಪಿನ ಜೋಡಣೆಗಳು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ಇವನ್ನು ತಪ್ಪದೆ ನೋಡಿ.

ಸಿಕ್ಕಿದ್ದನ್ನೆಲ್ಲ ಒಂದೇ ಸಲ ಮಾಡಿಸಲು ದುಡ್ಡು ಸಾಲದಿದ್ದರೆ ಕ್ರಮ ಹೀಗಿರಲಿ. ಬ್ರೇಕ್ ಆಯಿಲ್ ಅಥವಾ ಇಂಧನ ಸೋರುತ್ತಿದ್ದರೆ ರಿಪೇರಿಯಾಗುವವರೆಗೆ ಗಾಡಿ ರಸ್ತೆಗಿಳಿಸಬೇಡಿ. ಕೂಲಂಟ್ ಸೋರಿಕೆಯನ್ನು ಘಾಟಿ ಹತ್ತುವ ಮೊದಲು ಸರಿಪಡಿಸಿ. ಎಂಜಿನ್ ಆಯಿಲ್ ಸೀಲಿನಲ್ಲಿ ಬರೀ ತೇವವಿದ್ದರೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುತ್ತ ಸ್ವಲ್ಪ ದಿನ ತಳ್ಳಬಹುದು. ತೊಳೆಯುವ ಮೊದಲು ತೆಗೆದ ಫೋಟೊ, ಈಗಿನ ಫೋಟೊ ಎರಡನ್ನೂ ಮೆಕ್ಯಾನಿಕ್‌ಗೆ ತೋರಿಸಿ. ಎಲ್ಲಿ ಏನು ಬಿಚ್ಚಬೇಕೆಂದು ಅವರಿಗೂ ಗೊತ್ತಾಗುತ್ತದೆ, ನಿಮಗೂ ಬೇಡದ ಖರ್ಚು ಉಳಿಯುತ್ತದೆ.